ಮಿಕ್ಕ ಬೋಲ್ಟು

ಮೂರು ಲಕ್ಷದ ಹನ್ನೆರಡು ಸಾವಿರ ಕಿಲೋಮೀಟರ್ ಓಡಿದ ಕಾರನ್ನು ತಲೆ ನೆಟ್ಟಗಿರುವವರು ಯಾರೂ ಕೊಳ್ಳುವುದಿಲ್ಲ. ನಾನು ಕೊಂಡೆ. ಅದರ ಚೌಕ ಮೂತಿ ಚಿಕ್ಕಂದಿನಿಂದಲೂ ನನ್ನ ಮನಸ್ಸಿನಲ್ಲಿ ಕೂತಿತ್ತು. ಇಂಜಿನ್ ಬಿಚ್ಚಿ, ತೊಳೆದು, ಕೈಯಾರೆ ಹೊಸದು ಮಾಡಬೇಕೆಂಬ ಹುಚ್ಚು. ಹೆಂಡತಿ ಬಾಗಿಲಲ್ಲೇ ನಿಂತು ನೋಡಿ, ಆ ಡಬ್ಬದೊಳಗೆ ತಾನು ಕಾಲಿಡುವುದಿಲ್ಲ ಎಂದುಬಿಟ್ಟಳು. ಅವಳು ಒಮ್ಮೆ ಹೇಳಿದರೆ ಮುಗಿಯಿತು. ಕಾರು ಓಡಿದರೂ ಪಕ್ಕದ ಸೀಟು ಖಾಲಿಯೇ ಇರುತ್ತದಲ್ಲ ಎಂಬುದೇ ನನ್ನನ್ನು ಕೊರೆಯುತ್ತಿತ್ತು.

ನಾನು ಔಷಧಿ ಅಂಗಡಿಯವನು. ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದು ಬರೆದು ಪೊಟ್ಟಣ ಕಟ್ಟಿ ಅಭ್ಯಾಸ. ಇಂಜಿನ್ನಿಗೂ ಅದೇ ಕ್ರಮ ಹಿಡಿದೆ. ಒಂದೊಂದು ಭಾಗದ ಬೋಲ್ಟುಗಳನ್ನು ಒಂದೊಂದು ಕಾಗದದಲ್ಲಿ ಸುತ್ತಿ, ಎಲ್ಲಿಯದೆಂದು ಮೇಲೆ ಬರೆದು, ಬಿಚ್ಚಿದ ಸಾಲಿನಲ್ಲೇ ಶೆಡ್ಡಿನ ನೆಲದ ಮೇಲೆ ಜೋಡಿಸಿದೆ. ನಾಲ್ಕು ತಿಂಗಳು, ನಲವತ್ತೇಳು ಪೊಟ್ಟಣ.

ಒಂದು ಭಾನುವಾರ ಹೋಗಿ ನೋಡಿದರೆ ನೆಲ ಲಕಲಕ ಹೊಳೆಯುತ್ತಿತ್ತು. ಪೊಟ್ಟಣ ಒಂದೂ ಇಲ್ಲ. ಹಲಗೆಯ ಮೇಲೆ ಒಂಬತ್ತು ಗಾಜಿನ ಭರಣಿ, ಅವುಗಳಲ್ಲಿ ಬೋಲ್ಟುಗಳು ಎಣ್ಣೆ ಒರೆಸಿಕೊಂಡು, ಗಾತ್ರದ ಪ್ರಕಾರ ಬೇರೆಬೇರೆಯಾಗಿ ಕೂತಿದ್ದವು. ಹೆಂಡತಿ ದರ್ಜಿ, ಅವಳ ಅಂಗಡಿಯಲ್ಲಿ ಗುಂಡಿಗಳು ಇರುವುದು ಹೀಗೆಯೇ. ಕೊಳಕು ಕಾಗದಗಳನ್ನು ಕಸಕ್ಕೆ ಹಾಕಿದ್ದಾಗಿಯೂ, ಇನ್ನು ನನಗೆ ಹುಡುಕುವುದು ಸುಲಭವೆಂದೂ ಹೇಳಿ, ಕಪ್ಪಾದ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಸಿಟ್ಟು ನೆತ್ತಿಗೇರಿತು. ಆದರೆ ಅಲ್ಲಿಯವರೆಗೆ ಕಾರಿನ ಒಂದು ಚೂರನ್ನೂ ಮುಟ್ಟದ ಕೈಗಳು ಅವು. ಅಳಬೇಕೋ ನಗಬೇಕೋ ತಿಳಿಯದೆ, ಚೆನ್ನಾಗಿದೆ ಎಂದೆ.

ಆಮೇಲಿನ ಎರಡು ತಿಂಗಳು ದೇವರಿಗೇ ಪ್ರೀತಿ. ಒಂದೇ ದಪ್ಪದ ಎರಡು ಬೋಲ್ಟು, ಉದ್ದದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ, ಯಾವುದು ಎಲ್ಲಿಗೆ? ಪಕ್ಕದ ಬೀದಿಯ ಮೆಕ್ಯಾನಿಕ್ ಗ್ರೀಸಣ್ಣನನ್ನು ಕರೆತಂದೆ. ಅವನು ಭರಣಿಗಳನ್ನು ನೋಡಿ ತಲೆ ಕೆರೆದುಕೊಂಡು, ತನ್ನ ಶರ್ಟಿಗೂ ಒಂದು ಗುಂಡಿ ಬೇಕಿತ್ತು ಎಂದು ಹೇಳಿ ಹೋದ.

ಕೊನೆಗೂ ಇಂಜಿನ್ ಸ್ಟಾರ್ಟ್ ಆಯಿತು. ಸದ್ದೂ ಮೃದುವಾಗಿತ್ತು. ಆದರೆ ನಾಲ್ಕನೇ ಭರಣಿಯ ತಳದಲ್ಲಿ ಹೆಬ್ಬೆರಳುದ್ದದ ಒಂದು ಬೋಲ್ಟು ಮಿಕ್ಕಿತ್ತು. ಎಲ್ಲಿಯದೆಂದು ಎಷ್ಟು ತಡಕಿದರೂ ಗೊತ್ತಾಗಲಿಲ್ಲ. ಅದನ್ನು ಜೇಬಿಗೆ ಹಾಕಿಕೊಂಡು, ಒಬ್ಬನೇ ಬೀದಿಯಲ್ಲಿ ಮೂರು ಸುತ್ತು ಹಾಕಿದೆ. ಏನೂ ಉದುರಲಿಲ್ಲ. ಮರೆತುಬಿಡೋಣ ಎಂದುಕೊಂಡೆ.

ನಾಲ್ಕನೇ ಸುತ್ತಿಗೆ ಮನೆಯ ಮುಂದೆ ನಿಲ್ಲಿಸಿದಾಗ ಪಕ್ಕದ ಬಾಗಿಲು ತೆರೆಯಿತು. ಅವಳು ಹತ್ತಿ ಕೂತಳು. ಸೆರಗು ಸರಿಮಾಡಿಕೊಂಡು, ಏನೂ ಆಗಿಲ್ಲವೆಂಬಂತೆ ಮುಂದೆ ನೋಡಿದಳು.

ಆರು ತಿಂಗಳಿಂದ ನಾನು ಕಾದಿದ್ದು ಇದಕ್ಕೇ. ಆದರೆ ಕೈ ಗೇರಿನ ಕಡೆ ಹೋಗಲೇ ಇಲ್ಲ. ಒಬ್ಬನೇ ಇದ್ದಾಗ ನೆನಪೇ ಆಗದ ಬೋಲ್ಟು ಈಗ ತೊಡೆಗೆ ಒತ್ತುತ್ತಿತ್ತು. ನನಗೆ ನಿಜವಾಗಿ ಭಯವಾಯಿತು. ಇಂಜಿನ್ ಆಫ್ ಮಾಡಿ, ಬೋಲ್ಟನ್ನು ಅವಳ ಅಂಗೈಯಲ್ಲಿಟ್ಟು, ಪೊಟ್ಟಣಗಳ ಕತೆಯನ್ನೂ ಹೇಳಿಬಿಟ್ಟೆ.

ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಒಳ್ಳೆ ಕೋಟಿನ ಒಳಗೆ ಒಂದು ಗುಂಡಿ ಹೆಚ್ಚಿಗೆ ಹೊಲಿದಿರ್ತಾರೆ. ಕಾರಲ್ಲೂ ಹಾಗೇನಾ?"

"ಗೊತ್ತಿಲ್ಲ ಕಣೆ."

"ಹಾಗಾದ್ರೆ ಮತ್ತೆ ಬಿಚ್ಚೋಣ ರೀ. ಈ ಸಲ ಪೊಟ್ಟಣದ ಮೇಲೆ ನಾನು ಬರೀತೀನಿ."

ಇನ್ನೂ ಆರು ತಿಂಗಳು ಎಂದು ಕೊರಗಬೇಕೋ, ಕುಣಿಯಬೇಕೋ ನನಗೆ ತಿಳಿಯಲಿಲ್ಲ. ಕಾರು ನಿಂತಲ್ಲೇ ನಿಂತಿತ್ತು. ಅವಳು ಮಾತ್ರ ಇಳಿಯಲಿಲ್ಲ.