ಕೆಂಪು ದಾರದ ಕ್ಲಿಪ್ಪು

ಗ್ಲೈಡಿಂಗ್ ಕ್ಲಬ್ಬಿನಲ್ಲಿ ಅವರನ್ನು ಎಲ್ಲರೂ ಕರೆಯುತ್ತಿದ್ದದ್ದು ಇನ್ನೊಂದ್ಸಲ ರಾಯರು ಎಂದೇ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿ, ಊರಿನ ಅಂಗಡಿಯವರ ನೀರಿಳಿಸಿ ನಿವೃತ್ತರಾದವರು. ಎಂಜಿನ್ ಇಲ್ಲದ ಈ ವಿಮಾನಗಳ ಸುರಕ್ಷತೆಯನ್ನು ಮೂವತ್ತೊಂದು ವರ್ಷ, ಬಿಡಿಗಾಸೂ ಮುಟ್ಟದೆ, ಭಾನುವಾರ ತಪ್ಪದೆ ನೋಡಿಕೊಂಡವರು. ಯಾರೇ ಬಂದು "ಎಲ್ಲಾ ಸರಿಯಿದೆ ಸಾರ್" ಎಂದರೂ ಅವರದು ಒಂದೇ ಉತ್ತರ: "ಇನ್ನೊಂದ್ಸಲ ನೋಡಿ." ಅವರ ಕಾಲದಲ್ಲಿ ಆ ಮೈದಾನದಲ್ಲಿ ಒಬ್ಬರ ಮೂಗಿಗೂ ಪೆಟ್ಟಾಗಿರಲಿಲ್ಲ. ಅವರನ್ನು ಕಂಡರೆ ಯಾರಿಗೂ ಆಗುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಗ್ಲೈಡರನ್ನು ಹಾರಿಸುವ ದಿನ ರೆಕ್ಕೆ, ಬಾಲ ಎಲ್ಲ ಜೋಡಿಸಬೇಕು. ಪ್ರತಿ ಕೀಲಿಗೂ ಹೆಬ್ಬೆರಳುದ್ದದ ಒಂದು ಉಕ್ಕಿನ ಕ್ಲಿಪ್ಪು ಹಾಕಿ ಬಿಗಿ ಮಾಡಬೇಕು. ಕ್ಲಿಪ್ಪು ಹುಲ್ಲಿನಲ್ಲಿ ಬಿದ್ದರೆ ಸಿಗುವುದಿಲ್ಲವೆಂದು ಪ್ರತಿಯೊಂದಕ್ಕೂ ಗೇಣುದ್ದದ ಕೆಂಪು ದಾರ ಕಟ್ಟಿದ್ದು ರಾಯರೇ. ಜೋಡಿಸುತ್ತಿರುವವನನ್ನು ಯಾರೂ ಮಾತಾಡಿಸಬಾರದು, ಮಾತಾಡಿಸಿದರೆ ಅವನು ಎಲ್ಲ ಬಿಚ್ಚಿ ಮೊದಲಿಂದ ಶುರು ಮಾಡಬೇಕು ಎಂಬ ನಿಯಮವೂ ಅವರದೇ. ಸ್ವಂತ ಅಳಿಯ ಒಮ್ಮೆ ರೆಕ್ಕೆ ಜೋಡಿಸುತ್ತ ಯಾರದೋ ನಮಸ್ಕಾರಕ್ಕೆ ನಮಸ್ಕಾರ ಎಂದದ್ದಕ್ಕೆ, ನಲವತ್ತು ಜನರೆದುರು ಬೈದು ಮೂರು ತಿಂಗಳು ಹಾರಾಟ ನಿಲ್ಲಿಸಿದ್ದರು. ಅಳಿಯ ಶಾಲೆಯ ವ್ಯಾಯಾಮದ ಮೇಷ್ಟ್ರು, ಸಾಧು ಪ್ರಾಣಿ. "ಮಾವ ಹೇಳಿದ್ದು ಸರಿ" ಎಂದು ತಲೆ ತಗ್ಗಿಸಿದ್ದ. ಮಗಳು ಮಾತ್ರ ಮೂರು ತಿಂಗಳೂ ಅಪ್ಪನ ಜೊತೆ ಮಾತು ಬಿಟ್ಟಿದ್ದಳು.

ಅಂಥ ರಾಯರಿಗೆ ಸನ್ಮಾನ. ಶೆಡ್ಡಿನಲ್ಲಿ ಕುರ್ಚಿ ಹಾಕಿ, ಮೈಕು ಕಟ್ಟಿದ್ದರು. ಗಾಜಿನ ಫಲಕದ ಮೇಲೆ 'ಮೂವತ್ತೊಂದು ವರ್ಷ, ಒಂದೂ ತಪ್ಪಿಲ್ಲ' ಎಂದು ಕೆತ್ತಿಸಿದ್ದರು. ರಾಯರ ಭಾಷಣ ಶುರುವಾಗುವ ಹೊತ್ತಿಗೆ ಅಳಿಯ ಅವರ ಗೌರವಾರ್ಥ ಗ್ಲೈಡರಿನಲ್ಲಿ ಮೇಲೇರಬೇಕು ಎಂದು ಕಾರ್ಯಕ್ರಮ. ಬೈಸಿಕೊಂಡವನೇ ಗೌರವ ಸಲ್ಲಿಸುವುದು ಚೆಂದ ಎಂದು ಕ್ಲಬ್ಬಿನ ಅಧ್ಯಕ್ಷರಾದ ಹಲ್ಲಿನ ಡಾಕ್ಟರಿಗೆ ಹೊಳೆದಿತ್ತು.

ಫಲಕ ಕೈಗೆ ಬಂದದ್ದೇ ರಾಯರು ಉಬ್ಬಿಹೋದರು. ಫೋಟೋದವನು "ಫ್ಯಾಮಿಲಿಯವರೆಲ್ಲ ಬನ್ನಿ" ಎಂದ. ಅಳಿಯ ಎಲ್ಲಿ? ಹೊರಗೆ ಬಾಲ ಜೋಡಿಸುತ್ತಿದ್ದ.

"ಬೇಡ ಅಪ್ಪ, ಕೆಲಸದಲ್ಲಿದಾರೆ. ಆಮೇಲೆ ತೆಗೆಸಿದ್ರಾಯ್ತು" ಎಂದಳು ಮಗಳು.

"ಆಮೇಲೆ ಬಿಸಿಲು ಮುಖಕ್ಕೆ ಹೊಡೆಯುತ್ತೆ" ಎಂದು ರಾಯರೇ ಎದ್ದು ಹೊರಟರು.

"ಅಳಿಯಂದ್ರೇ, ಒಂದ್ನಿಮಿಷ ಬನ್ನಿ!"

ಅಳಿಯ ಬೆಚ್ಚಿಬಿದ್ದ. ಕೈಯೆಲ್ಲ ಗ್ರೀಸು. "ಮಾವ... ಇದೊಂದು ಕ್ಲಿಪ್ಪು ಬಾಕಿ. ನೀವು ಬೇರೆ ಮಾತಾಡಿಸಿಬಿಟ್ರಿ, ಮೊದಲಿಂದ..."

"ನಾನೇ ಇದ್ದೀನಲ್ರೀ. ಕೊಡಿ ಇಲ್ಲಿ, ನಾನು ಹಾಕ್ತೀನಿ. ನೀವು ಕೈ ತೊಳ್ಕೊಂಡು ಬನ್ನಿ."

ಅಳಿಯ ನಲ್ಲಿಯ ಕಡೆ ಓಡಿದ. ರಾಯರು ಬಗ್ಗಿದರು. ಅಷ್ಟರಲ್ಲಿ ಫೋಟೋದವನು "ಸಾರ್, ಮುಖ್ಯ ಅತಿಥಿಗಳು ಬಂದ್ರು!" ಎಂದು ಕೂಗಿದ. ಧೂಳು ಬೀಳದಿರಲೆಂದು ಬಾಲದ ಕೀಲಿನ ಮೇಲಿನ ಪುಟ್ಟ ಮುಚ್ಚಳ ಮುಚ್ಚಿ ರಾಯರು ಸರಸರನೆ ನಡೆದರು. ಕ್ಲಿಪ್ಪು ಮುಷ್ಟಿಯಲ್ಲೇ ಇತ್ತು. ಎದೆ ಸೆಟೆಸಿ ನಿಂತು ಫೋಟೋ ತೆಗೆಸಿಕೊಂಡರು, ಅತಿಥಿಗಳ ಕೈ ಕುಲುಕುವಾಗ ಅದನ್ನು ಜೇಬಿಗಿಳಿಸಿದರು. ಅಳಿಯ ವಾಪಸು ಹೋಗುವ ಮುನ್ನ ಹತ್ತಿರ ಬಂದು "ಮಾವ, ಹಾಕಿದ್ರಾ?" ಎಂದು ಕೇಳಿದ. ಅತಿಥಿಗಳ ಮಾತಿಗೆ ನಗುತ್ತಿದ್ದ ರಾಯರು ಕೈಯಾಡಿಸಿ "ಆಯ್ತಾಯ್ತು, ಹೊರಡಿ" ಎಂದರು. ಬೇರೆ ಯಾರು ಹೇಳಿದ್ದರೂ ಅಳಿಯ ಇನ್ನೊಂದು ಸಲ ನೋಡುತ್ತಿದ್ದ. ಹೇಳಿದವರು ರಾಯರಾದ್ದರಿಂದ ನೋಡಲಿಲ್ಲ.

ರಾಯರು ಮೈಕಿನ ಮುಂದೆ ನಿಂತರು. ಭಾಷಣ ಓದಲು ಕನ್ನಡಕಕ್ಕೆಂದು ಜೇಬಿಗೆ ಕೈ ಹಾಕಿದರು. ಬೆರಳಿಗೆ ದಾರ ಸಿಕ್ಕಿತು.

ಎದುರಿಗೆ ಮೈದಾನದಲ್ಲಿ ಹಗ್ಗ ಬಿಗಿಯಾಗಿತ್ತು. ಆ ತುದಿಯ ವಿಂಚ್ ಯಂತ್ರ ಇನ್ನೇನು ಗ್ಲೈಡರನ್ನು ಎಳೆಯಬೇಕು. ಯಾರು ಬೇಕಾದರೂ 'ನಿಲ್ಲಿಸಿ' ಎನ್ನಬಹುದು, ಎಂದರೆ ನಿಲ್ಲಿಸಲೇಬೇಕು. ಅದೂ ರಾಯರು ಬರೆದ ನಿಯಮವೇ. ಮೈಕು ಬಾಯಿಂದ ಒಂದು ಗೇಣು ದೂರವಿತ್ತು. ಅವರು ಎಡಗೈಯಲ್ಲಿದ್ದ ಫಲಕ ನೋಡಿದರು, ಕುರ್ಚಿಗಳಲ್ಲಿದ್ದ ನಲವತ್ತು ಮುಖ ನೋಡಿದರು. ಆ ನಲವತ್ತರಲ್ಲಿ ತಮ್ಮಿಂದ ಬೈಸಿಕೊಳ್ಳದವರು ಯಾರು? ಈಗ ಬಾಯಿ ಬಿಟ್ಟರೆ ಸಾಯುವ ತನಕ ಆಡಿಕೊಂಡು ನಗುತ್ತಾರೆ. ಕೀಲು ಕೂತಿದೆಯಲ್ಲ, ಒಂದು ಹಾರಾಟಕ್ಕೆ ಹಿಡಿದೀತು ಎಂದುಕೊಂಡರು. ಹಿಡಿದೀತು ಎಂಬ ಒಂದು ಮಾತಿಗೆ ಅವರು ಹನ್ನೊಂದು ಜನರನ್ನು ಕ್ಲಬ್ಬಿನಿಂದಲೇ ಹೊರಹಾಕಿಸಿದ್ದರು.

"ಎಲ್ಲರಿಗೂ ನಮಸ್ಕಾರ" ಎಂದರು ರಾಯರು.

ಚಪ್ಪಾಳೆ ಬಿತ್ತು. ಗ್ಲೈಡರು ನಾಲ್ಕು ಮಹಡಿಯಷ್ಟು ಏರಿತು, ಬಾಲ ಲೊಟಕ್ಕೆಂದು ಅಲ್ಲಾಡಿತು. ಆಮೇಲೆ ಅದು ಮೂತಿ ಕೆಳಗಾಗಿ ಬಂದು ನೆಲಕ್ಕೆ ಅಪ್ಪಳಿಸಿತು. ಶಬ್ದ ದೊಡ್ಡದೇನೂ ಆಗಲಿಲ್ಲ.

ಎಲ್ಲರೂ ಓಡಿದರು, ರಾಯರೂ ಓಡಿದರು. ಜನ ಅಳಿಯನನ್ನು ಹೊರಗೆಳೆಯುವ ಗಡಿಬಿಡಿಯಲ್ಲಿರುವಾಗ, ಮೊದಲು ಬಾಲ ಜೋಡಿಸಿದ್ದ ಜಾಗದಲ್ಲಿ ರಾಯರ ಕೈಯಿಂದ ಏನೋ ಹುಲ್ಲಿಗೆ ಬಿತ್ತು. ಅರ್ಧ ಗಂಟೆಯ ಮೇಲೆ ಅದನ್ನು ಇಬ್ಬರು ಸಾಕ್ಷಿಗಳ ಎದುರು ಹುಡುಕಿ ತೆಗೆದವರೂ ಅವರೇ. ದಾರ ಕೆಂಪಾಗಿದ್ದರಿಂದ ಬೇಗ ಸಿಕ್ಕಿತು.

ಅಳಿಯ ಬದುಕಿದ. ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ, ಕತ್ತು ತಿರುಗಿಸುವಂತಿಲ್ಲ, ಆ ದಿನ ಬೆಳಗಿನ ನೆನಪೂ ಇಲ್ಲ. "ನಿಮ್ಮಷ್ಟು ನಿಷ್ಠುರವಾಗಿ ಯಾರು ಬರೀತಾರೆ?" ಎಂದು ಹಲ್ಲಿನ ಡಾಕ್ಟರು ವಿಚಾರಣೆಯನ್ನೂ ರಾಯರಿಗೇ ಒಪ್ಪಿಸಿದರು. 'ಜೋಡಿಸಿದವರ ಅಜಾಗರೂಕತೆ' ಎಂದು ಬರೆದು ರಾಯರು ಕೈ ತೊಳೆದುಕೊಂಡರು. ಸ್ವಂತ ಅಳಿಯನನ್ನೂ ಬಿಡಲಿಲ್ಲ ನೋಡಿ ಎಂದು ಜನ ಮೂಗಿನ ಮೇಲೆ ಬೆರಳಿಟ್ಟರು. ಅಪ್ಪ ಕರೆದದ್ದರಿಂದಲೇ ಗಂಡನ ಗಮನ ತಪ್ಪಿತು ಎಂದು ಮಗಳಿಗೆ ಗೊತ್ತಿತ್ತು. ಮುದುಕರು ನೊಂದುಕೊಳ್ಳುತ್ತಾರೆಂದು ಅವಳು ಅದನ್ನು ಎತ್ತಲಿಲ್ಲ. ಅಳಿಯನಂತೂ ಮಲಗಿದಲ್ಲಿಂದಲೇ "ಕ್ಷಮಿಸಿ ಮಾವ, ನಿಮ್ಮ ದಿನಾನೇ ಹಾಳು ಮಾಡ್ಬಿಟ್ಟೆ" ಎಂದ. ರಾಯರು ಅವನ ತಲೆ ಸವರಿ ಕ್ಷಮಿಸಿದರು. ಅದಕ್ಕೆ ಎಷ್ಟು ಗಟ್ಟಿ ಎದೆ ಬೇಕೋ!

ಎರಡು ತಿಂಗಳ ಮೇಲೆ ಕ್ಲಬ್ಬಿನವರು ಆ ಫೋಟೋ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಮಗಳ ಮನೆಗೆ ಕಳಿಸಿದರು. ಭಾನುವಾರ ರಾಯರು ಬಂದಾಗ ಅದು ಅಳಿಯನ ಮಂಚದ ತಲೆಯ ಕಡೆ ಗೋಡೆಗೆ ಒರಗಿತ್ತು.

"ಚೆನ್ನಾಗಿ ಬಂದಿದೆ" ಎಂದರು ರಾಯರು.

"ಇನ್ನೊಂದ್ಸಲ ನೋಡಿ ಅಪ್ಪ. ಕನ್ನಡಕ ಹಾಕ್ಕೊಂಡು ನೋಡಿ."

ರಾಯರು ಕನ್ನಡಕ ಹಾಕಿಕೊಂಡರು. ಫೋಟೋದಲ್ಲಿ ಅವರ ಎಡಗೈಯಲ್ಲಿ ಫಲಕ. ಪಕ್ಕದಲ್ಲಿ ಒದ್ದೆ ಕೈ ಪ್ಯಾಂಟಿಗೆ ಒರೆಸಿಕೊಳ್ಳುತ್ತ ನಗುತ್ತಿರುವ ಅಳಿಯ. ಅವರ ಬಲಗೈ ಮುಷ್ಟಿಯ ಸಂದಿನಿಂದ ಗೇಣುದ್ದದ ಕೆಂಪು ದಾರ ಇಳಿಬಿದ್ದಿತ್ತು.

"ಏನದು? ನನಗೆ ಕಾಣಿಸ್ತಿಲ್ಲ, ಏನಿದೆ ಅದರಲ್ಲಿ?" ಎಂದ ಅಳಿಯ ಸೂರು ನೋಡುತ್ತ.

"ಅಪ್ಪ ಹೇಳ್ತಾರೆ" ಎಂದಳು ಮಗಳು. ಕುರ್ಚಿಯೊಂದನ್ನು ಎಳೆದು ಮಂಚದ ಪಕ್ಕಕ್ಕೆ ಹಾಕಿದಳು, ಬಾಗಿಲು ಮುಚ್ಚಿ ಚಿಲಕ ಹಾಕಿದಳು. "ಕೂತ್ಕೊಳ್ಳಿ. ಮೊದಲಿಂದ ಹೇಳಿ. ಮಧ್ಯದಲ್ಲಿ ಯಾರೂ ನಿಮ್ಮನ್ನ ಮಾತಾಡಿಸಲ್ಲ."

ರಾಯರು ಕೂತರು.