ರೋಸಿಬಾಯಿ ಬರೆಸಿದ ಹೆಸರುಗಳು

ಕೂಸಪ್ಪ ಬಗ್ಗಿ ರೋಸಿಬಾಯಿಯ ಶವಪೆಟ್ಟಿಗೆಗೆ ಕೈಹಾಕುತ್ತಿದ್ದಂತೆ ಆಸ್ಟಿನ್ ತಡೆದ.

"ನೀವು ಬೇಡ ಕೂಸಪ್ಪಣ್ಣ. ಸೊಂಟಕ್ಕೆ ಆಪರೇಷನ್ ಆದವರು. ಇಗರ್ಜಿಗೆ ಏರು ದಾರಿ ಉಂಟು."

"ಈ ಸೊಂಟ ಯಾರು ಕೊಡಿಸಿದ್ದು ಮಾರಾಯ? ನಿನ್ನ ದೊಡ್ಡಮ್ಮನೇ ಅಲ್ವಾ? ನಾನು ಹೊರದೆ ಇನ್ಯಾರು ಹೊರುವುದು?"

ಅಳುತ್ತಿದ್ದ ಆಸ್ಟಿನ್ ನಕ್ಕುಬಿಟ್ಟ. ಸರಿದು ಜಾಗ ಕೊಟ್ಟ.

ಕಾಪುವಿನಿಂದ ಒಳಗಿರುವ ಈ ಊರಿನಲ್ಲಿ ರೋಸಿಬಾಯಿ ಐವತ್ತು ವರ್ಷ ಬೀಡಿ ಕಟ್ಟಿದ್ದರು. ಎಂಬತ್ತೊಂದು ಪ್ರಾಯ. ನಿನ್ನೆ ಮಧ್ಯಾಹ್ನ ಗಂಜಿ ಉಂಡು ಮಲಗಿದವರು ಏಳಲಿಲ್ಲ. ಮಕ್ಕಳಿರಲಿಲ್ಲ, ಆದರೂ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ.

* * *

ಏಳು ವರ್ಷದ ಹಿಂದೆ ಕೂಸಪ್ಪ ಮರ ಹತ್ತಿ ಶೇಂದಿ ಇಳಿಸುತ್ತಿದ್ದ. ಸರಕಾರದ ಆರೋಗ್ಯ ವಿಮೆಗೆ ಹೆಸರು ಬರೆಸಲು ರೋಸಿಬಾಯಿ ಅವನ ಜಗಲಿಗೆ ಬಂದರು.

"ನನಗೆಂತ ರೋಗ ಬಾಯಮ್ಮ? ಕಾರ್ಡು ಬೇಡ."

"ರೇಷನ್ ಕಾರ್ಡು ತಾ. ಕೊಡುವವರೆಗೆ ನಾನು ಏಳುವುದಿಲ್ಲ." ಎಲೆ, ತಂಬಾಕು ಹರಡಿಕೊಂಡು ಅಲ್ಲೇ ಬೀಡಿ ಕಟ್ಟತೊಡಗಿದರು. ಸ್ವಲ್ಪ ಹೊತ್ತಿನ ಮೇಲೆ ತಲೆಯೆತ್ತದೆ ಹೇಳಿದರು: "ಆಪರೇಷನ್ ಮಾಡಿಸಲಿಕ್ಕೆ ಆಗದೆ ನನ್ನ ಗಂಡ ಡೊಮಿನಿಕ್‌ರನ್ನು ರಿಕ್ಷಾದಲ್ಲಿ ಮನೆಗೆ ತಂದೆ. ದಾರಿಯಿಡೀ ಅವರೇ ನನಗೆ ಸಮಾಧಾನ ಹೇಳಿದರು. ಇನ್ನೊಬ್ಬಳು ಹಾಗೆ ಕೂತು ಬರುವುದು ನನಗೆ ನೋಡಲಿಕ್ಕಾಗುವುದಿಲ್ಲ."

ಕೂಸಪ್ಪ ಎದ್ದುಹೋಗಿ ಕಾರ್ಡು ತಂದ.

ಆ ಮಳೆಗಾಲ ಮುಗಿಯುತ್ತಲೇ ಅವನು ಮರದಿಂದ ಬಿದ್ದ. ಉಡುಪಿಯ ಆಸ್ಪತ್ರೆಯಲ್ಲಿ ಹೊಸ ತೊಡಕು: ಆಧಾರ್‌ನಲ್ಲಿ ಕೂಸಪ್ಪ, ರೇಷನ್ ಕಾರ್ಡಿನಲ್ಲಿ ಬರೀ ಕೂಸ. ಮಂಜೂರಾತಿ ಬರಲಿಲ್ಲ. "ಮನೆಗೆ ಹೋಗುವ" ಎಂದು ಅವನೇ ಹೆಂಡತಿಗೆ ಹೇಳಿದ.

"ಯಾರೂ ಎಲ್ಲಿಗೂ ಹೋಗುವುದಿಲ್ಲ" ಎಂದ ರೋಸಿಬಾಯಿ ಕಾಪುವಿಗೆ ಬಸ್ಸು ಹಿಡಿದರು. ತಾಲೂಕು ಕಚೇರಿಯ ಬೆಂಚಿನಲ್ಲಿ ಮಧ್ಯಾಹ್ನದ ಊಟ ಬಿಟ್ಟು ಕೂತರು. ಸಂಜೆ, ತಿದ್ದಿದ ಕಾಗದವನ್ನು ಸೆರಗಿನಡಿ ಹಿಡಿದು ವಾರ್ಡಿಗೆ ಬಂದು, "ಇನ್ನು ನೀನು ಪೂರ್ತಿ ಕೂಸಪ್ಪ" ಎಂದರು.

* * *

ಏರಿನಲ್ಲಿ ಪೆಟ್ಟಿಗೆ ಭಾರವಾಯಿತು. "ನಾನು ಹಿಡಿಯುತ್ತೇನೆ" ಎಂದು ಹಿಂದಿನಿಂದ ಯಾರೋ ಅಂದರು. ಕೂಸಪ್ಪ ತಲೆಯಾಡಿಸಿ ನಿರಾಕರಿಸಿದ. ಅವನ ಹೆಜ್ಜೆ ಒಮ್ಮೆಯೂ ತಪ್ಪಲಿಲ್ಲ.

ಇಗರ್ಜಿಯ ಬಾಗಿಲಲ್ಲಿ ಪೆಟ್ಟಿಗೆ ಇಳಿಸಿ ತಿರುಗಿದ. ರಸ್ತೆಯವರೆಗೂ ಜನ. ಕಣ್ಣಿನ ಪೊರೆ ತೆಗೆಸಿಕೊಂಡ ಎಸ್ತರ್ ಯಾರ ಕೈಯನ್ನೂ ಹಿಡಿಯದೆ ಬರುತ್ತಿದ್ದಳು. ಡಯಾಲಿಸಿಸ್‌ನ ಪ್ಯಾಟ್ರಿಕ್ ನಿಂತು ನಿಂತು ಬರುತ್ತಿದ್ದ. ಎಲ್ಲರ ಹಿಂದೆ ಜಮೀಲಾ, ಅವಳ ಹತ್ತು ವರ್ಷದ ಮಗಳು ಶಾಝಿಯಾ. ಹುಟ್ಟುವಾಗಲೇ ಆ ಮಗುವಿನ ಹೃದಯದಲ್ಲಿ ತೂತಿತ್ತು; ನಾಲ್ಕು ಹೆಜ್ಜೆ ಇಟ್ಟರೆ ತುಟಿ ನೀಲಿಯಾಗುತ್ತಿತ್ತು. ಅವಳ ಹೆಸರು ಬರೆಸಿ ಆಪರೇಷನ್ ಮಾಡಿಸಿದ್ದೂ ರೋಸಿಬಾಯಿಯೇ.

ಶಾಝಿಯಾ ತಾಯಿಯ ಕೈ ಬಿಡಿಸಿಕೊಂಡಳು.

"ಓಡಬೇಡ!" ಜಮೀಲಾ ಹಳೆಯ ಅಭ್ಯಾಸದಲ್ಲಿ ಕೂಗಿದಳು. ಕೂಗಿದ ಮೇಲೆ ನೆನಪಾಗಿ, ಬಾಯಿಗೆ ಕೈ ಅಡ್ಡ ಹಿಡಿದು ನಿಂತಳು.

ಶಂಕರಪುರ ಮಲ್ಲಿಗೆಯ ದಂಡೆಯನ್ನು ತಲೆಗಿಂತ ಮೇಲೆತ್ತಿ ಹಿಡಿದು, ದೊಡ್ಡವರನ್ನೆಲ್ಲ ಹಿಂದೆ ಹಾಕಿ, ಹುಡುಗಿ ಒಂದೇ ಉಸಿರಿಗೆ ಏರು ಹತ್ತಿ ಬರುತ್ತಿದ್ದಳು.