ಚಪ್ಪಲಿ ಕಚ್ಚಿದ್ದಲ್ಲ

ನಮ್ಮದು ಇಸ್ತ್ರಿ ಅಂಗಡಿ. ನಲವತ್ತು ವರ್ಷ ಬಿಸಿ ಬಟ್ಟೆ ಮಡಚಿ ನನ್ನ ಬೆರಳ ತುದಿಗಳು ಜಡ್ಡುಗಟ್ಟಿವೆ. ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಬಲ್ಲೆ ಎಂದು ಬೀಗುತ್ತಿದ್ದವಳು ನಾನು.

ಯಜಮಾನರಿಗೆ ಬಹಳ ವರ್ಷದಿಂದ ಸಕ್ಕರೆ ಕಾಯಿಲೆ. ಈಚೆಗೆ ಪಾದಗಳು ಸದಾ ತಣ್ಣಗಿರುತ್ತಿದ್ದವು. ಆಸ್ಪತ್ರೆಯ ನರ್ಸು ಬಿಡಿಸಿ ಹೇಳಿದ್ದಳು: "ಚರ್ಮಕ್ಕೆ ರಕ್ತ ಸರಿಯಾಗಿ ಹೋಗ್ತಿಲ್ಲ, ಅಜ್ಜಿ. ಸ್ಪರ್ಶಾನೂ ಹೋಗಿದೆ. ಗಾಯ ಆದ್ರೆ ಬೇಗ ಮಾಯೋದಿಲ್ಲ. ಬರಿಗಾಲಲ್ಲಿ ನಡೆಸಬೇಡಿ. ತಣ್ಣಗಿದೆ ಅಂತ ಬಿಸಿ ಮಾತ್ರ ಕೊಡಲೇಬೇಡಿ."

ಮೊದಲನೆಯ ಮಾತು ಪಾಲಿಸಿದೆ. ನಮ್ಮ ಬೀದಿಯ ಚಪ್ಪಲಿ ಹೊಲಿಯುವವನಿಂದ ಮೆತ್ತನೆ ಅಟ್ಟೆಯ ಚಪ್ಪಲಿ ಮಾಡಿಸಿದೆ. ಎರಡನೆಯದು ಕಿವಿಗೆ ಹೋಗಲಿಲ್ಲ. ಬಿಸಿಯ ವಿಷಯ ನನಗೇ ಹೇಳಿಕೊಡುತ್ತಾಳಲ್ಲ ಎನ್ನಿಸಿತ್ತು.

ಒಂದು ಮಧ್ಯಾಹ್ನ ಹಳೆಯ ಟವಲನ್ನು ನಾಲ್ಕು ಮಡಿಕೆ ಮಾಡಿ, ಇಸ್ತ್ರಿ ಎಳೆದು, ಬೆರಳಲ್ಲಿ ಮುಟ್ಟಿ ನೋಡಿ ಅವರ ಪಾದಕ್ಕೆ ಸುತ್ತಿದೆ.

"ಹಿತವಾಯ್ತೇನ್ರೀ?"

"ಎಲ್ಲಿಯ ಹಿತ! ಕಲ್ಲಿಗೆ ಬಟ್ಟೆ ಸುತ್ತಿದ ಹಾಗಿದೆ. ನಿನ್ನ ಇಸ್ತ್ರಿ ಪೆಟ್ಟಿಗೆಗೂ ನನ್ನ ಹಾಗೇ ವಯಸ್ಸಾಯ್ತು ಕಣೇ."

ಮತ್ತೆ ಕಾಯಿಸಿದೆ. ನನ್ನ ಬೆರಳೂ ಸಾಲದು ಎಂದಿತು, ಅವರ ಪಾದವೂ ಸಾಲದು ಎಂದಿತು. ಮೂರನೆಯ ಸಲವೂ ಕಾಯಿಸಿದೆ.

ಮರುದಿನ ಹೆಬ್ಬೆರಳ ಬುಡದಲ್ಲಿ ಬೊಬ್ಬೆ ಎದ್ದಿತ್ತು. ಅದು ಒಡೆದು ಹುಣ್ಣಾಯಿತು. ಅವರಿಗೆ ನೋವೇ ಇಲ್ಲ.

"ಏನಾಯ್ತು?" ಎಂದು ನರ್ಸು ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ಯಜಮಾನರು "ಹೊಸ ಚಪ್ಪಲಿ ಕಚ್ಚಿತು" ಅಂದುಬಿಟ್ಟರು. ನಾನು ಪಟ್ಟಿ ಕಟ್ಟಲೆಂದು ಅವರ ಪಾದ ಎತ್ತಿ ಹಿಡಿದೆ.

"ಹಾಗಾದ್ರೆ ಅದನ್ನ ಹಾಕಬೇಡಿ" ಎಂದಳು.

ಹೊರಗೆ ಬಂದ ಮೇಲೆ ಕೇಳಿದೆ, "ಯಾಕ್ರೀ ಸುಳ್ಳು ಹೇಳಿದ್ರಿ?"

"ಅಷ್ಟು ಜನರ ಮುಂದೆ ನಿನಗೆ ಬೈಗುಳ ತಿನ್ನಿಸ್ಲಾ? ಚಪ್ಪಲಿಗೇನು ಮಾನ ಇದೆಯಾ?"

ಚಪ್ಪಲಿಗೆ ಇರಲಿಕ್ಕಿಲ್ಲ, ಹೊಲಿದವನಿಗೆ ಇತ್ತು. ಸುದ್ದಿ ಕೇಳಿ ಅವನೇ ಬಂದು ಚಪ್ಪಲಿ ಎತ್ತಿಕೊಂಡು ಹೋದ. ಅಂದಿನಿಂದ ಯಜಮಾನರು ಮನೆಯೊಳಗೆ ಬರಿಗಾಲಲ್ಲೇ ಓಡಾಡಿದರು.

ಮುಂದಿನ ವಾರ ಪಟ್ಟಿ ಬಿಚ್ಚಿದ ನರ್ಸಿನ ಮುಖ ಬಿಗಿಯಾಯಿತು. ಹಿಮ್ಮಡಿಯಲ್ಲಿ ಹೊಸದಾಗಿ ಬಿರುಕು ಬಿಟ್ಟಿತ್ತು.

"ಬರಿಗಾಲಲ್ಲಿ ನಡೆದ್ರಾ? ಹೀಗಾದ್ರೆ ಬೆರಳು ಉಳಿಯೋದು ಕಷ್ಟ."

"ನೀವೇ ಹಾಕಬೇಡಿ ಅಂದ್ರಲ್ಲಮ್ಮ, ಚಪ್ಪಲಿ..." ಎಂದು ಅವರು ಮತ್ತೆ ಶುರು ಮಾಡಿದರು.

"ಸುಮ್ನಿರಿ" ಎಂದೆ. "ಚಪ್ಪಲಿ ಕಚ್ಚಿದ್ದಲ್ಲ ತಾಯಿ. ನಾನು ಸುಟ್ಟಿದ್ದು."

ಬೆಂಚಿನ ಮೇಲಿದ್ದವರೆಲ್ಲ ನಮ್ಮ ಕಡೆ ತಿರುಗಿದರು. ನರ್ಸು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ನನ್ನ ಬೆರಳು ಹಿಡಿದು ಪೆನ್ನಿನ ತುದಿ ಒತ್ತಿದಳು.

"ಗೊತ್ತಾಗುತ್ತಾ?"

"ಇಲ್ಲ."

"ಇನ್ಮೇಲೆ ಕೈ ನಂಬಬೇಡಿ. ದಿನಾ ಕನ್ನಡಕ ಹಾಕ್ಕೊಂಡು ಪಾದ ನೋಡಿ. ಆ ಚಪ್ಪಲಿ ತನ್ನಿ, ನೋಡಿ ಹೇಳ್ತೀನಿ."

ಯಜಮಾನರನ್ನು ಮನೆಯಲ್ಲಿ ಕೂರಿಸಿ ಚಪ್ಪಲಿಯವನ ಹತ್ತಿರ ಹೋದೆ. ಅವನು ಹೊಲಿಗೆಯನ್ನೆಲ್ಲ ಬಿಚ್ಚಿ ಹಾಕಿಕೊಂಡಿದ್ದ. ಬಾರು ಒಂದು ಕಡೆ, ಅಟ್ಟೆ ಒಂದು ಕಡೆ. ಒಳಮೈಯನ್ನು ಹೆಬ್ಬೆರಳಿನಿಂದ ಸವರುತ್ತಿದ್ದ.

"ಮೊಳೆ ಇಲ್ಲ, ಗಂಟಿಲ್ಲ. ಎಲ್ಲಿ ಕಚ್ಚಿತೋ ತಿಳೀತಿಲ್ಲ ಅಕ್ಕಾ."

ನಿಂತಲ್ಲೇ ಎಲ್ಲ ಹೇಳಿದೆ. ಅವನು ತಲೆ ಎತ್ತಲಿಲ್ಲ.

"ಅಣ್ಣ ಹೆಂಡತಿ ಮಾನ ಉಳಿಸೋಕೆ ಹೇಳಿದ್ರು, ಹೋಗ್ಲಿ. ನೀನು ವಾರ ಪೂರ್ತಿ ಇಲ್ಲೇ ಮುಂದೆ ಓಡಾಡಿದೆಯಲ್ಲಕ್ಕಾ?"

ಅವನು ದಾರಕ್ಕೆ ಮೇಣ ತಿಕ್ಕಿ ಸೂಜಿಗೆ ಪೋಣಿಸಿದ.

"ಸಂಜೆ ಬಾ."

ನಾನು ಹೋಗಲಿಲ್ಲ. ಎದುರಿಗೆ ಕುಳಿತು ಅಟ್ಟೆಯ ಇನ್ನೊಂದು ತುದಿ ಹಿಡಿದುಕೊಂಡೆ. ಅವನು ಹಿಡಿ ಎನ್ನಲಿಲ್ಲ, ಬಿಡು ಎಂದೂ ಅನ್ನಲಿಲ್ಲ.